ಒಂದೇ ಚಾಪೆಯ ಮೇಲೆ ಎಲ್ಲ ಮಕ್ಕಳು: ನಮ್ಮ ಓಣಿಯ ಕಲಾಕೂಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆಯ ನವನಗರದಲ್ಲಿ ಭಾನುವಾರ ಮುಂಜಾನೆ ಮಕ್ಕಳು ಮಣ್ಣು, ಬಣ್ಣ, ಬಟ್ಟೆ ಹಿಡಿದು ಕೂಡುವ ಕೂಟ ನಮ್ಮದು. ಹೊಸದಾಗಿ ಬರುವ ಪಾಲಕರು, ಸಾಲಿ ಮಾಸ್ತರರು, ತಮ್ಮೂರಲ್ಲೂ ಇಂಥದ್ದೊಂದು ಸುರು ಮಾಡಬೇಕೆನ್ನುವವರು ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇವೆ. ಮೊದಲಿನಿಂದ ಓದಲೇಬೇಕೆಂದಿಲ್ಲ, ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಿರಿ.

ಇದು ಅಂಗವಿಕಲ ಮಕ್ಕಳ ಶಿಬಿರ ಏನ್ರಿ?

ಅಲ್ಲ. ಓಣಿಯ ಎಲ್ಲ ಮಕ್ಕಳ ಕೂಟ. ಗಾಲಿಕುರ್ಚಿಯಲ್ಲಿ ಬರುವ ಹುಡುಗಿ ಇದ್ದಾಳೆ, ಅವಳ ಬಾಜೂಮನೆಯ ಹುಡುಗಿಯೂ ಇದ್ದಾಳೆ. ಮಾತಾಡದ ಹುಡುಗ ಇದ್ದಾನೆ, ಬಾಯಿ ಮುಚ್ಚದ ಅವನ ತಮ್ಮನೂ ಇದ್ದಾನೆ. ಡಿಸೆಂಬರ್ 3ಕ್ಕೆ ಅಂಗವಿಕಲರ ದಿನಾಚರಣೆ ಮಾಡಿ, ಆ ಮಕ್ಕಳಿಗಷ್ಟೇ ಒಂದು ಚಿತ್ರಕಲಾ ಸ್ಪರ್ಧೆ ಇಟ್ಟು, ಬಿಸ್ಕೀಟು ಪೊಟ್ಟಣ ಕೊಟ್ಟು, ಫೋಟೋ ತೆಗೆಸಿಕೊಂಡು ಕಳಿಸುವ ಪದ್ಧತಿ ನಮಗೆ ಸರಿ ಕಾಣುವುದಿಲ್ಲ. ವರ್ಷದ ಉಳಿದ ದಿನ ಆ ಮಗು ಯಾರ ಜೋಡಿ ಆಡುತ್ತದೆ ಅನ್ನುವುದು ನಮ್ಮ ಚಿಂತೆ. ನಾವು ಬಿಡದೆ ಹಿಡಿದುಕೊಂಡಿರುವ ನಿಯಮ ಒಂದೇ: ಕೆಲಸ ಎಲ್ಲರಿಗೂ ಅದೇ, ಸಾಮಾನು ಮತ್ತು ಮಾಡುವ ರೀತಿ ಮಾತ್ರ ಮಗುವಿಗೆ ತಕ್ಕಂತೆ ಬದಲಾಗಬೇಕು. ಮಗುವಿಗೆ ಕುಂಚ ಹಿಡಿಯಲು ಬಾರದಿದ್ದರೆ ನಾವು ಬದಲಿಸುವುದು ಕುಂಚವನ್ನು.

ನಮ್ಮ ಮಗ ಭಾಳ ಶಾಣ್ಯಾ ಅದಾನ. ಅಂಥಾ ಮಕ್ಕಳ ಜೋಡಿ ಕೂತ್ರ ಹಿಂದ ಬೀಳ್ತಾನೇನು?

ಇದನ್ನು ಜನ ದನಿ ತಗ್ಗಿಸಿ ಕೇಳುತ್ತಾರೆ, ನಾವು ಜೋರಾಗಿಯೇ ಹೇಳುತ್ತೇವೆ: ಬೀಳುವುದಿಲ್ಲ. ಇಲ್ಲಿ ಪಾಠ ಮುಗಿಸುವ ಅವಸರವಿಲ್ಲ. ನಿಜ ಹೇಳಬೇಕೆಂದರೆ ಶಾಣ್ಯಾ ಹುಡುಗರದೇ ಒಂದು ತೊಂದರೆ ಇದೆ. ಎರಡು ಗುಡ್ಡ, ನಡುವೆ ಸೂರ್ಯ, ಒಂದು ಹೆಂಚಿನ ಮನೆ, ಒಂದು ತೆಂಗಿನ ಗಿಡ, ಇಷ್ಟು ಬಿಟ್ಟು ಅವರ ಕೈ ಬೇರೇನೂ ಬರೆಯುವುದಿಲ್ಲ. ನಮ್ಮ ಸುತ್ತ ಇರುವುದು ಬೇವು, ಜಾಲಿ. ಕಾಗದದ ಮೇಲೆ ಬರುವುದು ಮಾತ್ರ ತೆಂಗು! ಕಣ್ಣು ಕಾಣದ ಗೆಳತಿಗೆ ತನ್ನ ಗಿಡವನ್ನು ಮುಟ್ಟಿಸಿ ತೋರಿಸಬೇಕಾಗಿ ಬಂದಾಗ ಅದೇ ಹುಡುಗ ಎದ್ದು ಹೊರಗೆ ಹೋಗುತ್ತಾನೆ. ಬೇವಿನ ತೊಗಟೆ ಎಷ್ಟು ಒರಟು, ಎಲೆಯ ಅಂಚು ಗರಗಸದ ಹಾಗಿದೆಯಲ್ಲ ಎಂದು ಕೈಯಾಡಿಸಿ ನೋಡುತ್ತಾನೆ. ಸಾಲಿಯಲ್ಲಿ ಅವನಿಗೆ ಇದನ್ನು ಕಲಿಸಿರಲಿಲ್ಲ.

ನಮ್ಮ ಹುಡುಗಗ ಏನೂ ಬರಂಗಿಲ್ರಿ. ಕಾಗದ ಕೊಟ್ರ ಹರೀತಾನ, ಅಷ್ಟ.

ಹಾಗಾದರೆ ಹರಿಯುವ ಕೆಲಸವನ್ನೇ ಕೊಡೋಣ. ನಮ್ಮ ಕಡೆಯ ಅಜ್ಜಿಯರು ಕಾಗದದ ಬುಟ್ಟಿ ಮಾಡುತ್ತಿದ್ದುದು ನಿಮಗೂ ಗೊತ್ತಿರಬೇಕು. ಹಳೆ ಕಾಗದ ಹರಿದು ನೀರಲ್ಲಿ ನೆನೆಹಾಕಿ, ಮೆಂತ್ಯ ರುಬ್ಬಿ ಕೂಡಿಸಿ, ಒರಳಲ್ಲಿ ಕುಟ್ಟಿ, ಬೋರಲು ಹಾಕಿದ ಕೊಡದ ಮೇಲೆ ತಟ್ಟಿ ಒಣಗಿಸುವುದು. ಮೆಂತ್ಯ ಅಂಟಿಗೂ ಆಯಿತು, ಹುಳ ಹಿಡಿಯದಿರಲೂ ಆಯಿತು. ಈ ಕೆಲಸಕ್ಕೆ ಹರಿಯುವವರು, ಹಿಚುಕುವವರು, ಕುಟ್ಟುವವರು, ತಟ್ಟುವವರು, ಕಡೆಗೆ ಬಣ್ಣ ಹಚ್ಚುವವರು ಎಲ್ಲರೂ ಬೇಕು.

ನಮ್ಮಲ್ಲಿಗೆ ಬರುವ ಒಬ್ಬ ಹುಡುಗ ಸುದ್ದಿಪತ್ರಿಕೆಯನ್ನು ಮೇಲಿಂದ ಕೆಳಗೆ ಒಂದೇ ಅಗಲದ ಪಟ್ಟಿಯಾಗಿ ಹರಿಯುತ್ತಾನೆ. ಸರ್ರನೆ ಬರುವ ಆ ಸಪ್ಪಳ ಅವನಿಗೆ ಬೇಕು. ಅಡ್ಡ ಹಿಡಿದರೆ ಕಾಗದ ಸೊಟ್ಟ ಸೀಳುತ್ತದೆ, ಸಪ್ಪಳವೂ ಬೇರೆ ಬರುತ್ತದೆ, ಅವನಿಗೆ ಅದು ಸೇರುವುದಿಲ್ಲ. ಹಾಳೆಯನ್ನು ತಿರುಗಿಸಿ ಹಿಡಿದು ಮತ್ತೆ ಸರ್ರ್. ಕಾಗದಕ್ಕೂ ನಾರಿನ ದಿಕ್ಕು ಇದೆ ಎಂಬುದನ್ನು ಉಳಿದ ಮಕ್ಕಳು ಕಲಿತದ್ದು ಅವನನ್ನು ನೋಡಿ. ಬುಟ್ಟಿ ಮಾಡುವ ವಾರ ಅವನು ಬಾರದಿದ್ದರೆ ಕೆಲಸ ನಿಲ್ಲುತ್ತದೆ. ಮೆಂತ್ಯದ ವಾಸನೆ ತಡೆಯದ ಮಕ್ಕಳಿಗೆ ಮೈದಾ ಅಂಟು ಕುದಿಸಿ ಕೊಡುತ್ತೇವೆ.

ಏನೇನು ಮಾಡಿಸ್ತೀರಿ? ಡ್ರಾಯಿಂಗ್ ಪರೀಕ್ಷಾಕ್ಕ ಕಲಿಸ್ತೀರೇನು?

ಲೋವರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗೆ ಕೂಡುವವರು ಚಿತ್ರಕಲಾ ಶಿಕ್ಷಕರ ಹತ್ತಿರ ಹೋಗಬೇಕು. ನಮ್ಮ ವರ್ಷ ಹಬ್ಬದ ಲೆಕ್ಕದಲ್ಲಿ ನಡೆಯುತ್ತದೆ. ಕಾರಹುಣ್ಣಿಮೆಯಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ, ಆಷಾಢದಲ್ಲಿ ಗುಳ್ಳವ್ವ, ಪಂಚಮಿಗೆ ನಾಗಪ್ಪ, ಚೌತಿಗೆ ಗಣಪ, ಅವನ ಬೆನ್ನಿಗೇ ಜೋಕುಮಾರ. ಮುಂಗಾರು ಪೂರ್ತಿ ಮಣ್ಣಿನ ಕೆಲಸವೇ. ಹಿಂಗಾರಿ ಜೋಳದ ರಾಶಿಯಾದ ಮೇಲೆ ದಂಟಿನ ಗಾಡಿ, ದಂಟಿನ ಎತ್ತು. ಬೇಸಿಗೆಗೆ ಬಟ್ಟೆ ತುಂಡು ಕೂಡಿಸಿ ಕೌದಿ.

ಇವನ್ನೇ ಯಾಕೆ ಹಿಡಿದೆವು ಅಂದರೆ, ಇವುಗಳಲ್ಲಿ ಮಕ್ಕಳ ಪಾಲು ಮೊದಲಿನಿಂದಲೂ ಇದೆ. ನಾಲ್ಕು ವರ್ಷದ ಕೂಸು ಮಾಡಿದ ಮೂರೇ ಕಾಲಿನ ಎತ್ತು ಕೂಡ ದೇವರ ಜಗಲಿ ಏರುತ್ತದೆ. ಅದಕ್ಕೂ ಕುಂಕುಮ ಹಚ್ಚುತ್ತಾರೆ, ಅದರ ಮುಂದೂ ಗ್ವಾದಲಿ (ಮೇವಿನ ತೊಟ್ಟಿ) ಇಡುತ್ತಾರೆ. ಇದು ಎತ್ತಲ್ಲ ಎಂದು ಯಾವ ಅಜ್ಜಿಯೂ ತೆಗೆದಿಟ್ಟದ್ದಿಲ್ಲ. ಕೌದಿಯೂ ಹಾಗೆಯೇ: ಒಬ್ಬರು ತುಂಡು ಆರಿಸುತ್ತಾರೆ, ಒಬ್ಬರು ಹಾಸುತ್ತಾರೆ, ನಾಲ್ಕು ಮೂಲೆಯಿಂದ ನಾಲ್ಕು ಮಂದಿ ಹೊಲಿಯುತ್ತಾರೆ. ಇಳಕಲ್ಲ ಸೀರೆಯ ಹಳೆ ಸೆರಗು, ಗುಳೇದಗುಡ್ಡ ಖಣದ ಚೂರು, ದರ್ಜಿ ಅಂಗಡಿಯ ಕತ್ತರಿಸಿ ಬಿಟ್ಟ ತುಂಡು ನಮ್ಮಲ್ಲಿ ಚೀಲಗಟ್ಟಲೆ ಇವೆ. ಬೆರಳಿಂದಲೇ ರೇಷ್ಮೆ ಯಾವುದು, ಹತ್ತಿ ಯಾವುದು ಎಂದು ಹೇಳುವ ಮಕ್ಕಳಿದ್ದಾರೆ. ಸೂಜಿ ಹಿಡಿಯಲು ಕೈ ಕೂಡದವರು ಗೋಣಿಚೀಲದ ಮೇಲೆ ಮೊಂಡು ಪ್ಲಾಸ್ಟಿಕ್ ಸೂಜಿಯಿಂದ ಉಲ್ಲನ್ ದಾರ ಹಾಯಿಸುತ್ತಾರೆ. ಗೋಣಿಯ ನೇಯ್ಗೆ ಸಡಿಲ, ಸೂಜಿ ಸಲೀಸಾಗಿ ದಾಟುತ್ತದೆ.

ಮುಸ್ಲಿಂ ಮಕ್ಕಳು ಬರಬಹುದೇ ಎಂದು ಇದೇ ಪ್ರಶ್ನೆಯ ಬೆನ್ನಿಗೆ ಕೆಲವರು ಕೇಳುತ್ತಾರೆ. ಬರುತ್ತಾರೆ. ಪೂಜೆ ಮಾಡುವವರು ಮನೆಯಲ್ಲಿ ಮಾಡಿಕೊಳ್ಳುತ್ತಾರೆ, ಕೂಟದಲ್ಲಿ ಎತ್ತು ಮಾಡುವುದಷ್ಟೇ ಕೆಲಸ. ಎತ್ತು ಎಲ್ಲರ ಹೊಲದಲ್ಲೂ ಇದೆ.

ಎರೆಮಣ್ಣು ಒಣಗಿದ್ರ ಬಿರೀತದಲ್ರೀ?

ಬಿರಿಯುತ್ತದೆ. ನೀರು ಕುಡಿದಾಗ ಉಬ್ಬಿ ಒಣಗಿದಾಗ ಕುಗ್ಗುವುದು ಎರೆಮಣ್ಣಿನ ಗುಣ, ಬೇಸಿಗೆಯ ಹೊಲದಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುವುದೂ ಅದಕ್ಕೇ. ಮಣ್ಣನ್ನು ಜರಡಿ ಹಿಡಿದು ಕಲ್ಲು, ಗಾಜಿನ ಚೂರು ತೆಗೆಯಿರಿ. ಮೂರು ಪಾಲು ಮಣ್ಣಿಗೆ ಒಂದು ಪಾಲು ಸಣ್ಣ ಉಸುಕು, ಒಂದು ಹಿಡಿ ಹತ್ತಿಯ ಎಳೆ ಹಾಕಿ ನಾದಿ ರಾತ್ರಿಯಿಡೀ ಒದ್ದೆ ಗೋಣಿ ಮುಚ್ಚಿಡಿ. ಮಾಡಿದ ಗೊಂಬೆ ಬಿಸಿಲಿಗೆ ಇಡಬೇಡಿ, ನೆರಳಲ್ಲಿ ನಿಧಾನ ಒಣಗಲಿ. ಸಗಣಿ ಕೂಡಿಸುವ ರೂಢಿಯೂ ಇದೆ. ಕೈಯಲ್ಲಿ ಗಾಯ ಇರುವ ಮಕ್ಕಳು, ಬಾಯಿಗೆ ಕೈ ಹಾಕುವ ಮಕ್ಕಳು ಇರುವುದರಿಂದ ನಾವು ಅದನ್ನು ಬಿಟ್ಟಿದ್ದೇವೆ. ಕುಂಬಾರರಿಂದ ಮಣ್ಣು ಸಿಕ್ಕರೆ ಇಷ್ಟೆಲ್ಲ ತಾಪತ್ರಯವೇ ಇಲ್ಲ. ಬೆಳಗಾವಿ ಜಿಲ್ಲೆಯವರು ಈ ವಿಷಯದಲ್ಲಿ ಪುಣ್ಯವಂತರು: ಖಾನಾಪುರದ ಮಣ್ಣು ಕುಂಬಾರಿಕೆಗೆ ಹೆಸರಾದದ್ದು, ಅಲ್ಲಿ ಕುಂಬಾರಿಕೆಯ ತರಬೇತಿ ಸಂಸ್ಥೆಯೇ ಇದೆ.

ಕಣ್ಣು ಕಾಣದ ಮಗು ಚಿತ್ರ ಹೆಂಗ ಬರೀತದ?

ಬೆರಳಿಂದ. ದರ್ಜಿಗಳು ಬಟ್ಟೆಯ ಮೇಲೆ ಗುರುತು ಹಾಕಲು ಬಳಸುವ ಹಲ್ಲಿನ ಚಕ್ರ ನೋಡಿದ್ದೀರಲ್ಲ, ಅದನ್ನು ತನ್ನಿ. ಹಳೆ ರಬ್ಬರ್ ಮ್ಯಾಟಿನ ಮೇಲೆ ದಪ್ಪ ಕಾಗದ ಹಾಸಿ ಚಕ್ರ ಓಡಿಸಿದರೆ ಹಿಂಬದಿಯಲ್ಲಿ ಚುಕ್ಕಿಗಳ ಗೆರೆ ಉಬ್ಬಿ ಬರುತ್ತದೆ. ಹಿಂಬದಿ ಆದ್ದರಿಂದ ಚಿತ್ರ ಎಡಬಲ ಉಲ್ಟಾ ಆಗುತ್ತದೆ. ಹಾಗಾಗಬಾರದು ಅಂದರೆ ಕಾಗದದ ಬದಲು ತೆಳು ಪ್ಲಾಸ್ಟಿಕ್ ಹಾಳೆ ಹಾಸಿ ಮುಗಿದುಹೋದ ಬಾಲ್‌ಪೆನ್ನಿಂದ ಒತ್ತಿ ಬರೆಯಲಿ, ಗೆರೆ ಬರೆದ ಕಡೆಯೇ ಏಳುತ್ತದೆ. ಬರೆದದ್ದನ್ನು ಆಗಲೇ ಮುಟ್ಟಿ ನೋಡಬಹುದು. ಫೆವಿಕಾಲ್ ಗೆರೆ ಎಳೆದು ಒಣಗಿಸಿದರೂ ನಡೆಯುತ್ತದೆ, ಆದರೆ ಒಣಗುವ ತನಕ ಕಾಯುವ ತಾಳ್ಮೆ ಯಾವ ಮಗುವಿಗೆ ಇದೆ?

ಬಣ್ಣಕ್ಕೆ ಗುರುತು ಬೇಕು. ನಮ್ಮಲ್ಲಿ ಕೆಂಪಿಗೆ ಉಸುಕು ಬೆರೆಸುತ್ತೇವೆ, ಹಸಿರಿಗೆ ರವೆ, ನೀಲಿ ನುಣುಪು. ಇದೊಂದು ಒಪ್ಪಂದ. ಒಮ್ಮೆ ಮಾಡಿಕೊಂಡರೆ ವಾರ ವಾರ ಬದಲಿಸಬಾರದು. ಸಾಮಾನು ಕೂಡ ತಾಟಿನಲ್ಲಿ ಅದದೇ ಜಾಗದಲ್ಲಿ ಇರಬೇಕು. ಗಡಿಯಾರ ಗೊತ್ತಿರುವ ಮಗುವಿಗೆ “ನೀರು ಹನ್ನೆರಡು ಗಂಟೆಗೆ, ಕುಂಚ ಮೂರು ಗಂಟೆಗೆ” ಅಂದರೆ ಸಾಕು. ಸ್ವಚ್ಛ ಮಾಡುವ ಉತ್ಸಾಹದಲ್ಲಿ ಯಾರಾದರೂ ತಾಟು ಸರಿಸಿದರೆ ಆ ಮಗುವಿನ ಕೆಲಸ ಅಲ್ಲಿಗೇ ನಿಂತಿತು.

ಮಗುವಿನ ಕೈ ಹಿಡಿದು ಬರೆಸಬೇಡಿ. ನಿಮ್ಮ ಕೈ ಕೆಳಗೆ ಇರಲಿ, ಮಗುವಿನ ಕೈ ಅದರ ಮೇಲೆ. ಬೇಡ ಅನಿಸಿದಾಗ ಎತ್ತಿಕೊಳ್ಳುವ ಹಕ್ಕು ಮಗುವಿನದಾಗಿರಬೇಕು. ಮಂದದೃಷ್ಟಿ ಇರುವ ಮಕ್ಕಳಿಗೆ ಕಪ್ಪು ಕಾಗದ, ಬಿಳಿ ಖಡು (ಚಾಕ್) ಚೆನ್ನಾಗಿ ಹೊಂದುತ್ತದೆ. ಕಲಿಸುವವರು ಕಿಟಕಿಗೆ ಬೆನ್ನು ಹಾಕಿ ನಿಲ್ಲಬಾರದು. ಕಿವಿ ಕೇಳದ ಮಕ್ಕಳಿಗೂ ಇದೇ ಮಾತು, ಮುಖ ನೆರಳಲ್ಲಿದ್ದರೆ ತುಟಿ ಕಾಣುವುದಿಲ್ಲ.

ಕಿವುಡ ಮಕ್ಕಳಿಗೆ ಹೇಳೂದು ಹೆಂಗ?

ಹೇಳಬೇಡಿ, ಮಾಡಿ ತೋರಿಸಿ. ಮಾಡುತ್ತಾ ಮಾತಾಡಬೇಡಿ. ಮಗು ನಿಮ್ಮ ಕೈ ನೋಡಬೇಕೋ ಮುಖ ನೋಡಬೇಕೋ? ಮೊದಲು ಮುಗಿದ ಗೊಂಬೆ ತೋರಿಸಿ, ಆಮೇಲೆ ಒಂದೊಂದು ಹಂತದ ಮಾದರಿ ಸಾಲಾಗಿ ಇಡಿ. ಕರೆಯಬೇಕಾದರೆ ಲೈಟು ಒಮ್ಮೆ ಆರಿಸಿ ಹಚ್ಚಿ ಅಥವಾ ನೆಲ ತಟ್ಟಿ. ಸನ್ನೆಗಳನ್ನು ಕಲಿಯಲು ಮನಸ್ಸಿದ್ದವರಿಗೆ 2015ರಲ್ಲಿ ಸ್ಥಾಪನೆಯಾದ ಭಾರತೀಯ ಸನ್ನೆ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರ ತಯಾರಿಸಿದ ನಿಘಂಟಿನ ವಿಡಿಯೋಗಳಿವೆ. ಬಣ್ಣ, ನೀರು, ಸಾಕು, ಇನ್ನಷ್ಟು, ಚೊಲೋ ಆಗೇದ, ಇಷ್ಟರಿಂದ ಸುರು ಮಾಡಿ. ಉಳಿದದ್ದನ್ನು ಮಕ್ಕಳೇ ತಮ್ಮತಮ್ಮಲ್ಲಿ ಹುಟ್ಟಿಸಿಕೊಳ್ಳುತ್ತಾರೆ.

ಮಗಳ ಕೈ ಬಿಗಿ ಅದಾವ, ಸೆರೆಬ್ರಲ್ ಪಾಲ್ಸಿ ಅಂದಾರ. ಗಾಲಿಕುರ್ಚಿ ಒಳಗ ಬರ್ತದೇನು?

ನಾವು ಕೂಡುವ ಅಂಗಳ ಸಮತಟ್ಟು, ಕುರ್ಚಿ ಬರುತ್ತದೆ. ಬೇರೆ ಕಡೆ ಜಾಗ ಹುಡುಕುವವರು ಒಂದು ಲೆಕ್ಕ ನೆನಪಿಡಿ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಎರಡಡಿ ಕಟ್ಟೆಯ ಸಮುದಾಯ ಭವನಕ್ಕೆ ನಾಲ್ಕಡಿ ಹಲಗೆ ಒರಗಿಸಿ “ರ‍್ಯಾಂಪ್ ಮಾಡೇವ್ರಿ” ಅನ್ನುವುದನ್ನು ಬೇಕಾದಷ್ಟು ನೋಡಿದ್ದೇವೆ. ಅದರ ಮೇಲೆ ಕುರ್ಚಿ ಹತ್ತಿಸಲು ಹೋದರೆ ಹಿಂದಕ್ಕೆ ಮಗುಚುತ್ತದೆ. ಅಂಥಲ್ಲಿ ಭವನ ಬಿಟ್ಟು ಬೇವಿನ ಗಿಡದ ಕೆಳಗೆ ಕೂಡುವುದೇ ಮೇಲು, ಎಲ್ಲರೂ. ಕುರ್ಚಿಯ ಮಗುವನ್ನಷ್ಟೇ ಕೆಳಗೆ ಬಿಟ್ಟು ಉಳಿದವರು ಮೇಲೆ ಹೋಗುವ ಮಾತಿಲ್ಲ.

ಕೈಗೆ ಸಂಬಂಧಿಸಿ ಹೇಳುವುದಾದರೆ, ಮೊದಲು ಕೂಡುವ ಭಂಗಿ ನೋಡಿ. ಪಾದ ಜೋತಾಡುತ್ತಿದ್ದರೆ ಕೈ ಸ್ಥಿರವಾಗುವುದಿಲ್ಲ. ಕಾಲ ಕೆಳಗೆ ಇಟ್ಟಂಗಿಯೋ ಮಣೆಯೋ ಇಟ್ಟರೆ ಕೈಯಲ್ಲಿ ವ್ಯತ್ಯಾಸ ಕಾಣುತ್ತದೆ. ಕುಂಚದ ಹಿಡಿಗೆ ಹಳೆ ಸೈಕಲ್ ಟ್ಯೂಬು ಸುತ್ತಿ ದಪ್ಪ ಮಾಡಿ. ಅದೂ ಆಗದಿದ್ದರೆ ರಬ್ಬರ್ ಚೆಂಡಿಗೆ ತೂತು ಮಾಡಿ ಕುಂಚ ಚುಚ್ಚಿ, ಚೆಂಡು ಹಿಡಿದರೆ ಸಾಕು. ಕಾಗದವನ್ನು ಹಲಗೆಗೆ ಟೇಪಿನಿಂದ ಅಂಟಿಸಿ, ಹಲಗೆಯನ್ನು ಸ್ವಲ್ಪ ಓರೆ ಇಡಿ.

ರಂಗೋಲಿಯದು ಬೇರೆ ಉಪಾಯ. ಕುರ್ಚಿಯಲ್ಲಿ ಕೂತವರಿಗೆ ನೆಲ ಎಟಕುವುದಿಲ್ಲ. ಒಂದು ಮೊಳದಷ್ಟು ಪಿವಿಸಿ ಪೈಪಿನ ತಲೆಗೆ ಎಣ್ಣೆ ಸುರಿಯುವ ಲಾಳಿಕೆ ಸಿಕ್ಕಿಸಿ, ಕೆಳಬಾಯಿ ನೆಲದ ಹತ್ತಿರ ಬರುವಂತೆ ಪೈಪಿನ ಉದ್ದ ಹೊಂದಿಸಿಕೊಳ್ಳಿ. ಮೇಲಿಂದ ಪುಡಿ ಸುರಿದರೆ ಕೆಳಗೆ ಗೆರೆ ಬೀಳುತ್ತದೆ. ಇದನ್ನು ಕಂಡು ನಡೆದಾಡುವ ಮಕ್ಕಳೂ ಪೈಪಿಗಾಗಿ ಜಗಳಾಡುತ್ತಾರೆ. ಹಾಗಾಗಿ ಎರಡು ಮೂರು ಮಾಡಿಟ್ಟುಕೊಳ್ಳಿ. ದಮ್ಮಿನ ತೊಂದರೆ ಇರುವ ಮಗು ಇದ್ದರೆ ರಂಗೋಲಿ ಪುಡಿ ಬೇಡ, ಒದ್ದೆ ಉಸುಕಿನಲ್ಲಿ ಮಾಡಿ.

ಗದ್ದಲ ಆದ್ರ ಕಿವಿ ಮುಚ್ಕೊಂಡು ಚೀರ್ತಾನ. ಕರ್ಕೊಂಡು ಬರ್ಲೋ ಬ್ಯಾಡೋ?

ಬನ್ನಿ, ಆದರೆ ಹತ್ತು ನಿಮಿಷ ಮೊದಲೇ ಬನ್ನಿ. ಖಾಲಿ ಜಾಗಕ್ಕೆ ಮಗು ಹೊಂದಿಕೊಂಡ ಮೇಲೆ ಉಳಿದವರು ಒಬ್ಬೊಬ್ಬರಾಗಿ ಬಂದರೆ ಅಷ್ಟು ಕಷ್ಟವಾಗುವುದಿಲ್ಲ. ಗೋಡೆಯ ಮೇಲೆ ಆ ದಿನದ ಕೆಲಸವನ್ನು ನಾಲ್ಕು ಚಿತ್ರದಲ್ಲಿ ತೂಗುಹಾಕಿರುತ್ತೇವೆ: ಚಪ್ಪಲಿ ಬಿಡೋದು, ಮಣ್ಣು, ಕೈ ತೊಳೆಯೋದು, ಮನೆ. ಮುಗಿಯುವ ಐದು ನಿಮಿಷ ಮೊದಲು ಹೇಳುತ್ತೇವೆ, ಏಕಾಏಕಿ ಎತ್ತಿಡುವುದಿಲ್ಲ. ಮೂಲೆಯಲ್ಲಿ ಚಾಪೆ, ಪರದೆ ಇದೆ. ಅಲ್ಲಿ ಹೋಗಿ ಕೂಡುವುದು ಶಿಕ್ಷೆಯಲ್ಲ, ಯಾರು ಬೇಕಾದರೂ ಹೋಗಬಹುದು. ಹಸಿಮಣ್ಣು ಮುಟ್ಟಲಾರದ ಮಗುವಿಗೆ ಮಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಡುತ್ತೇವೆ, ಹೊರಗಿನಿಂದಲೇ ಒತ್ತಲಿ.

ಹೋಳಿಯ ವಾರ ಮಾತ್ರ ಇಂಥ ಮಕ್ಕಳಿಗೆ ನಿಜವಾಗಿಯೂ ಕಷ್ಟ. ಬಾಗಲಕೋಟೆಯ ಹೋಳಿ ಒಂದು ದಿನದ್ದಲ್ಲ, ಹಲಗಿಯ ಸಪ್ಪಳ ಎಲ್ಲಿ ಹೋದರೂ ಬಿಡುವುದಿಲ್ಲ. ಆ ವಾರ ಕೂಟವನ್ನು ಊರ ಹೊರಗಿನ ತೋಟದಲ್ಲಿ ಇಡುತ್ತೇವೆ.

ಫಿಟ್ಸ್ ಬಂದ್ರ ಏನು ಮಾಡ್ತೀರಿ?

ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತನೆಯದು ಇಟ್ಟು, ಹತ್ತಿರದ ಕತ್ತರಿ, ಕಲ್ಲು ಸರಿಸಿ, ಗಡಿಯಾರ ನೋಡುತ್ತೇವೆ. ಐದು ನಿಮಿಷ ದಾಟಿದರೆ, ಒಂದರ ಹಿಂದೆ ಒಂದು ಬಂದರೆ ಅಥವಾ ಪೆಟ್ಟಾಗಿದ್ದರೆ 108ಕ್ಕೆ ಫೋನ್. ಕೈಗೆ ಕಬ್ಬಿಣ ಕೊಡುವುದಿಲ್ಲ, ಉಳ್ಳಾಗಡ್ಡಿ, ಚಪ್ಪಲಿ ಮೂಸಿಸುವುದಿಲ್ಲ, ಬಾಯಲ್ಲಿ ಚಮಚ ತುರುಕುವುದಿಲ್ಲ, ಅದುಮಿ ಹಿಡಿಯುವುದಿಲ್ಲ, ಪೂರ್ತಿ ಎಚ್ಚರವಾಗುವ ತನಕ ನೀರು ಕುಡಿಸುವುದಿಲ್ಲ. ದಯವಿಟ್ಟು ನೀವೂ ಮಾಡಬೇಡಿ. ಸೇರುವ ದಿನವೇ ಫಿಟ್ಸ್ ವಿಷಯ ಹೇಳಿಬಿಡಿ. ಮುಚ್ಚಿಟ್ಟರೆ ತೊಂದರೆಯಾಗುವುದು ಮಗುವಿಗೆ.

ಸಣ್ಣಾಕಿ ಎಲ್ಲಾ ಬಾಯಾಗ ಹಾಕ್ಕೋತಾಳ್ರಿ.

ಮೊದಲ ಮಾತು ಗುಲಗಂಜಿಯದು. ಗುಳ್ಳವ್ವನಿಗೆ ಗುಲಗಂಜಿ ಒತ್ತಿ ಶೃಂಗಾರ ಮಾಡುವುದು ನಮ್ಮ ಕಡೆ ರೂಢಿ, ನೋಡಲು ಚಂದವೂ ಹೌದು. ಆದರೆ ಆ ಕಾಳು ಘೋರ ವಿಷ. ಅಗಿದು ನುಂಗಿದರೆ ಒಂದೆರಡು ಕಾಳೂ ಮಗುವಿನ ಜೀವಕ್ಕೆ ಅಪಾಯ. ಕೂಟದೊಳಗೆ ಗುಲಗಂಜಿ ತರಲು ಬಿಡುವುದಿಲ್ಲ. ಜೋಳ, ಕುಸುಬಿ, ಕಡಲೆ ಒತ್ತಿದರೂ ಗುಳ್ಳವ್ವ ಒಲ್ಲೆ ಅನ್ನುವುದಿಲ್ಲ. ತೀರಾ ಸಣ್ಣ ಮಕ್ಕಳಿರುವಲ್ಲಿ ಕಡಲೆಯೂ ಗಂಟಲಿಗೆ ಸಿಕ್ಕೀತು, ಅಂಥಲ್ಲಿ ಬೆರಳಿನ ಗುರುತೇ ಸಾಕು.

ಬಾಯಿಗೆ ಹಾಕುವ ಮಕ್ಕಳ ಬಣ್ಣ ಅಡಿಗೆಮನೆಯಿಂದ ಬರಬೇಕು: ಮೊಸರಿಗೆ ಅರಿಷಿಣ, ಬೀಟ್‌ರೂಟ್ ರಸ, ರುಬ್ಬಿದ ಪಾಲಕ್. ಅರಿಷಿಣದ ನೀರಿನಲ್ಲಿ ಕಾಗದ ಅದ್ದಿ ಒಣಗಿಸಿ, ಅಡಿಗೆ ಸೋಡಾ ಕರಗಿಸಿದ ನೀರಿನಿಂದ ಅದರ ಮೇಲೆ ಬರೆಯಲು ಕೊಡಿ. ಹಳದಿ ಹೋಗಿ ಕೆಂಪು ಗೆರೆ ಮೂಡುವುದನ್ನು ನೋಡಿ ದೊಡ್ಡವರೂ ಬಾಯಿ ತೆರೆಯುತ್ತಾರೆ. ಸುಣ್ಣದ ನೀರಿನಿಂದಲೂ ಕೆಂಪಾಗುತ್ತದೆ, ಆದರೆ ಸುಣ್ಣ ಕಣ್ಣಿಗೆ ಸಿಡಿದರೆ ಸುಡುತ್ತದೆ, ಮಕ್ಕಳ ಕೈಗೆ ಕೊಡಬೇಡಿ. ಡಬ್ಬಿಯ ಆಯಿಲ್ ಪೇಂಟು, ಥಿನ್ನರ್, ಸಂತೆಯಲ್ಲಿ ಸಿಗುವ ಚೀಟಿಯಿಲ್ಲದ ಹೋಳಿ ಬಣ್ಣ ಬೇಡವೇ ಬೇಡ.

ತಾಯಿ ಜೋಡಿಗೇ ಕೂಡಬೇಕೇನು?

ಮೊದಲ ಕೆಲವು ವಾರ ಹೌದು. ಆಮೇಲೆ ಹೊರಗಿನ ಕಟ್ಟೆಯ ಮೇಲೆ ಕೌದಿ ಹಿಡಿದು ಕೂಡಿರಿ. ತಾಯಂದಿರು ಮಗುವಿನ ಪಕ್ಕದಲ್ಲಿದ್ದರೆ ಎತ್ತಿನ ಕೋಡು ತಿದ್ದದೆ ಬಿಡುವುದಿಲ್ಲ. ಕಡೆಗೆ ನೋಡಿದರೆ ಅದು ಅವ್ವನ ಎತ್ತು. ಅಣ್ಣ, ಅಕ್ಕ, ತಂಗಿ, ತಮ್ಮ ಯಾರೇ ಇದ್ದರೂ ಕರೆತನ್ನಿ. ತಮ್ಮನನ್ನು ನೋಡಿಕೊಳ್ಳಬೇಕೆಂದು ಮನೆಯಲ್ಲೇ ಉಳಿಯುವ ಹುಡುಗಿಯರು ನಮ್ಮಲ್ಲಿ ಬಹಳ. ತಮ್ಮನನ್ನೂ ಎತ್ತಿಕೊಂಡು ಬಂದರೆ ಅವಳಿಗೂ ಎರಡು ತಾಸು ಸಿಕ್ಕಿತು.

ಸರ್ಟಿಫಿಕೇಟ್, ಯುಡಿಐಡಿ ಕಾರ್ಡ್ ತರಬೇಕೇನು?

ಬೇಡ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಸರಕಾರಿ ಸೌಲಭ್ಯಕ್ಕೆ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡ್, ಬೇಕು, ಮಾಡಿಸದಿದ್ದರೆ ಮಾಡಿಸಿಕೊಳ್ಳಿ. ಮಣ್ಣು ಮುಟ್ಟಲು ಕಾರ್ಡ್ ಯಾಕೆ? ನಮ್ಮ ಫಾರ್ಮಿನಲ್ಲಿ ಮಗುವಿನ ಹೆಸರು, ಕರೆಯಬೇಕಾದ ಒಬ್ಬ ದೊಡ್ಡವರ ಫೋನ್ ನಂಬರ್, ಔಷಧಿ, ಅಲರ್ಜಿ ಇಷ್ಟೇ ಇದೆ. ತಂದೆಯ ಹೆಸರು ಕೇಳುವುದಿಲ್ಲ, ಜಾತಿ ಕೇಳುವುದಿಲ್ಲ. ಆ ಖಾನೆ ಕಂಡು ಬಾಗಿಲಿಂದಲೇ ಹಿಂದಿರುಗಿದ ತಾಯಂದಿರು ಈ ಸೀಮೆಯಲ್ಲಿ ಎಷ್ಟು ಮಂದಿ ಎಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಕಬ್ಬು ಕಡಿಯಾಕ ಹೊಕ್ಕೇವ್ರಿ, ನಾಕ್ ತಿಂಗಳ ಬರಾಕಾಗಂಗಿಲ್ಲ. ಹೆಸರು ತಗೀತೀರೇನು?

ಹಾಜರಿ ಪುಸ್ತಕವೇ ಇಲ್ಲ, ಹೆಸರು ತೆಗೆಯುವುದು ಎಲ್ಲಿಂದ? ಹೋಗುವಾಗ ಒಂದು ಬಟ್ಟೆಚೀಲದಲ್ಲಿ ತುಂಡು ಬಟ್ಟೆ, ದಾರ, ಮೊಂಡು ಸೂಜಿ, ಖಡು ಹಾಕಿ ಕೊಡುತ್ತೇವೆ. ಬರುವಾಗ ಅವರು ಹೊಲಿದು ತಂದ ತುಂಡು ಆ ವರ್ಷದ ಕೌದಿಗೆ ಸೇರುತ್ತದೆ. ವಿಜಯಪುರದ ತಾಂಡಾಗಳಿಂದ ಗೋವಾ, ಮಹಾರಾಷ್ಟ್ರಕ್ಕೆ ದುಡಿಯಲು ಹೋಗುವವರ ಮಕ್ಕಳಿಗೂ ಇದೇ ವ್ಯವಸ್ಥೆ ಹೊಂದುತ್ತದೆ. ಕನ್ನಡಿ, ಕವಡೆ ಕೂಡಿಸಿ ಹೊಲಿಯುವ ಲಂಬಾಣಿ ತಾಯಂದಿರಿಗೆ ನಾವು ಹೊಲಿಗೆ ಹೇಳಿಕೊಡುವ ಮಾತಂತೂ ಇಲ್ಲ, ಅವರೇ ನಮಗೆ ಹೇಳಿಕೊಡಬೇಕು.

ಕನ್ನಡ ಬರದಿದ್ರ?

ನಡೆಯುತ್ತದೆ. ಬೆಳಗಾವಿಯಲ್ಲಿ ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಇರುತ್ತವೆ. ಕಿವುಡ ಮಕ್ಕಳಿಗಾಗಿ ಹಂತ ಹಂತದ ಮಾದರಿ ಇಟ್ಟಿರುತ್ತೇವಲ್ಲ, ಅದು ಎಲ್ಲರಿಗೂ ಆಗುತ್ತದೆ.

ಪ್ರೈಜ್ ಅದಾವೇನು?

ಇಲ್ಲ. ಸ್ಪರ್ಧೆಗೆ ಸಾಲಿಯಲ್ಲಿ ಪ್ರತಿಭಾ ಕಾರಂಜಿ ಇದೆ. ಇಲ್ಲಿ ಒಂದನೇ ನಂಬರು, ಎರಡನೇ ನಂಬರು ಸುರುವಾದರೆ ಮೂರು ಕಾಲಿನ ಎತ್ತು ಮಾಡಿದವಳು ಮುಂದಿನ ವಾರ ಬರುವುದಿಲ್ಲ. “ಎಲ್ಲರಿಗೂ ಸಮಾಧಾನಕರ ಬಹುಮಾನ” ಅನ್ನುವುದು ಇನ್ನೂ ಕೆಟ್ಟದ್ದು, ಮಕ್ಕಳಿಗೆ ಅದು ತಿಳಿಯುತ್ತದೆ.

ಇದರಿಂದ ಮಗು ಆರಾಮ ಆಗ್ತದೇನ್ರಿ?

ಇದು ಚಿಕಿತ್ಸೆಯಲ್ಲ. ಫಿಜಿಯೋಥೆರಪಿ, ಮಾತಿನ ತರಬೇತಿ, ಗುಳಿಗೆ ಯಾವುದನ್ನೂ ಇದಕ್ಕಾಗಿ ಬಿಡಬೇಡಿ. ಕಲೆಯ ಮೂಲಕ ಚಿಕಿತ್ಸೆ ಕೊಡುವವರು ಅದಕ್ಕೆಂದೇ ಓದಿ ತರಬೇತಿ ಪಡೆದವರು, ನಾವು ಅವರಲ್ಲ. ಮಣ್ಣು ನಾದಿದರೆ ಬೆರಳಿಗೆ ಬಲ ಬರುತ್ತದೆ, ನಿಜ. ನಾಲ್ಕು ಮಂದಿಯ ನಡುವೆ ಕೂತು ರೂಢಿಯಾಗುತ್ತದೆ, ಅದೂ ನಿಜ. ಆದರೆ ಉಳಿದ ಮಕ್ಕಳು ಮಣ್ಣಾಡುವುದು ಬೆರಳಿನ ಬಲಕ್ಕೆ ಅಲ್ಲವಲ್ಲ, ಖುಷಿಗೆ. ಇವರಿಗೆ ಮಾತ್ರ ಆಟವೂ ಔಷಧಿಯಾಗಬೇಕು ಅನ್ನುವುದು ಯಾವ ನ್ಯಾಯ? ಭಾರತ 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟ, ವಿರಾಮ, ಕಲೆಯನ್ನು ಮಗುವಿನ ಹಕ್ಕು ಎಂದೇ ಹೇಳಿದೆ, ಉಪಯೋಗ ಏನು ಎಂದು ಕೇಳಿಲ್ಲ.

ಟ್ರಿಪ್ ಕರ್ಕೊಂಡು ಹೋಗ್ತೀರೇನು?

ಹೋಗುತ್ತೇವೆ, ಎಲ್ಲರೂ ಹೋಗಲಾಗುವ ಕಡೆಗೆ. ಬಾದಾಮಿಯ ಗುಹೆಗಳು ಮೆಟ್ಟಿಲಿನ ಮೇಲಿವೆ, ಕುರ್ಚಿ ಹತ್ತುವುದಿಲ್ಲ. ಪಟ್ಟದಕಲ್ಲಿನಲ್ಲಿ ಗುಡಿಗಳು ಸಮನೆಲದ ಹುಲ್ಲುಹಾಸಿನ ನಡುವೆ ಇವೆ, ಹೊರಗೋಡೆಯ ಶಿಲ್ಪಗಳನ್ನು ಕೂತಲ್ಲಿಂದಲೇ ನೋಡಿ ಬರೆಯಬಹುದು. ಸಂರಕ್ಷಿತ ಸ್ಮಾರಕದ ಗೋಡೆಗೆ ಕಾಗದ ಒತ್ತಿ ಬಳಪ ಉಜ್ಜಿ ಅಚ್ಚು ತೆಗೆಯಬಾರದು. ಆ ಆಸೆಗೆ ಮನೆಯ ಬೀಸುಕಲ್ಲು, ಒಳಕಲ್ಲು ಇವೆ. 1656ರ ಹೊತ್ತಿಗೆ ಮುಗಿದ ಗೋಳಗುಮ್ಮಟದಲ್ಲಿ ಪಿಸುಮಾತಿನ ಗ್ಯಾಲರಿಗೆ ಹೋಗುವ ಮೆಟ್ಟಿಲು ಕಡಿದು, ಇಕ್ಕಟ್ಟು. ಅದನ್ನು ಬಿಟ್ಟು ಕೆಳಗಿನ ಅಂಕಣದಲ್ಲೇ ನಿಂತರೂ ದನಿ ಹೊಳ್ಳಿ ಬರುತ್ತದೆ. ಕಣ್ಣು ಕಾಣದ ಮಕ್ಕಳು ಆ ಗುಮ್ಮಟ ಎಷ್ಟು ದೊಡ್ಡದೆಂದು ಚಪ್ಪಾಳೆಯಲ್ಲೇ ಅಳೆಯುತ್ತಾರೆ. ಬಂದ ಮೇಲೆ ಅವರು ಮಣ್ಣಿನಲ್ಲಿ ಮಾಡಿದ ಗುಮ್ಮಟ ಒಳಗೆ ಟೊಳ್ಳಿತ್ತು, ಉಳಿದವರದೆಲ್ಲ ಗಟ್ಟಿ ಉಂಡೆ. ಏಪ್ರಿಲ್, ಮೇನಲ್ಲಿ ಎಲ್ಲಿಗೂ ಇಲ್ಲ. ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ.

ಮಕ್ಕಳ ಫೋಟೋ ವಾಟ್ಸಾಪ್‌ಗೆ ಹಾಕ್ತೀರೇನು?

ಕೈಗಳ, ಗೊಂಬೆಗಳ ಫೋಟೋ ಹಾಕುತ್ತೇವೆ. ಮುಖದ್ದು ಪಾಲಕರು ಬರೆದು ಕೊಟ್ಟರೆ, ಮಗುವೂ ಹೂಂ ಅಂದರೆ ಮಾತ್ರ. ಬಾಲಮಂದಿರದಂಥ ಕಡೆಯಿಂದ ಬರುವ ಮಕ್ಕಳ ಗುರುತು ಹೊರಗೆ ಬಿಡುವುದನ್ನು ಬಾಲನ್ಯಾಯ ಕಾಯ್ದೆಯೇ ನಿಷೇಧಿಸಿದೆ. ಇನ್ನೊಂದು ಮಾತು ಇಲ್ಲಿಯೇ: ಯಾವ ದೊಡ್ಡವರೂ ಒಂದು ಮಗುವಿನ ಜೋಡಿ ಒಬ್ಬರೇ ಇರುವಂತಿಲ್ಲ, ಪಾಯಖಾನೆಗೆ ಕರೆದೊಯ್ಯುವಾಗಲೂ ಇನ್ನೊಬ್ಬರಿಗೆ ಹೇಳಿಯೇ ಹೋಗಬೇಕು. ಅನುಮಾನ ಬಂದರೆ ನಮ್ಮನ್ನು ಕೇಳಿಕೊಂಡು ಕೂಡಬೇಕಿಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ ನೇರ ಫೋನ್ ಮಾಡಿ.

ನಮ್ಮೂರಾಗೂ ಸುರು ಮಾಡಬೇಕ್ರಿ. ರೊಕ್ಕ ಎಲ್ಲಿಂದ, ಮಂದಿ ಎಲ್ಲಿಂದ?

ರೊಕ್ಕಕ್ಕಿಂತ ಮೊದಲು ಮಕ್ಕಳು ಎಲ್ಲಿದ್ದಾರೆ ಎಂದು ತಿಳಿಯಬೇಕು. ಮನೆಯೊಳಗೇ ಇರುವ ಮಕ್ಕಳು ಸಾಲಿಯ ಪಟ್ಟಿಯಲ್ಲಿ ಸಿಗದಿರಬಹುದು. ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಅವರ ಮನೆ ಗೊತ್ತಿರುತ್ತದೆ. ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಅಂಗನವಾಡಿ ಅಕ್ಕಾರು, ಆಶಾ ಕಾರ್ಯಕರ್ತೆಯರನ್ನೂ ಕೇಳಿ. ಜಾಗಕ್ಕೆ ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರ ನೋಡಿ, ಗ್ರಂಥಪಾಲಕರು ಮನಸ್ಸು ಮಾಡಿದರೆ ಅದಕ್ಕಿಂತ ಒಳ್ಳೆ ಜಾಗ ಹಳ್ಳಿಯಲ್ಲಿಲ್ಲ. ಪಂಚಾಯ್ತಿಯ ಸ್ವಂತ ಆದಾಯದಲ್ಲಿ ಅಂಗವಿಕಲರಿಗೆಂದು ಒಂದು ಪಾಲು ತೆಗೆದಿಡುವ ನಿಯಮವಿದೆ. ಕೇಳುವವರಿಲ್ಲದೆ ಅದು ಬೇರೆ ಕಡೆ ಹೋಗಬಾರದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೇ ಕಲಮು ಸಾಂಸ್ಕೃತಿಕ ಬದುಕು, ಮನರಂಜನೆಯಲ್ಲಿ ಸಮಾನ ಪಾಲನ್ನು ಹೇಳುತ್ತದೆ, ಅದನ್ನು ಅರ್ಜಿಯಲ್ಲಿ ಬರೆಯಿರಿ. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಎದ್ದು ನಿಂತು ಕೇಳಿದರೆ ಅಧ್ಯಕ್ಷರಿಗೆ ಇಲ್ಲ ಅನ್ನುವುದು ಕಷ್ಟ.

ಸಾಮಾನಿಗೆ ಹೆಚ್ಚು ಖರ್ಚಿಲ್ಲ: ಹಳೆ ಲಗ್ನಪತ್ರಿಕೆ, ಕ್ಯಾಲೆಂಡರಿನ ಬೆನ್ನು, ಪ್ರಿಂಟಿಂಗ್ ಪ್ರೆಸ್ಸಿನ ಕತ್ತರಿಸಿದ ಪಟ್ಟಿ, ದರ್ಜಿಯ ಚೂರು. ಜೋಳದ ದಂಟಿನ ಸಿಪ್ಪೆ ಸೀಳುವುದು ದೊಡ್ಡವರೇ ಮಾಡಲಿ, ಅದರ ಅಂಚು ಬ್ಲೇಡಿನಷ್ಟು ಹರಿತ. ಒಳಗಿನ ಬೆಂಡು ಮಕ್ಕಳಿಗೆ.

ಮೊದಲ ದಿನ ಕಾಗದ, ಪೆನ್ಸಿಲ್ ಕೊಡಬೇಡಿ. ಬರೆಯಲು ಬರುವವರು, ಬಾರದವರು ಎಂದು ಎರಡು ಗುಂಪು ಅಲ್ಲೇ ಆಗಿಹೋಗುತ್ತದೆ. ಮಣ್ಣು ಕೊಡಿ. ಕಡೆಯ ಹದಿನೈದು ನಿಮಿಷ ತೊಳೆಯುವುದಕ್ಕೆ ಇಡಿ, ಆದರೆ ನಲ್ಲಿಯ ಕೆಳಗೆ ಬೇಡ: ಎರೆಮಣ್ಣು ಇಳಿದರೆ ಮೋರಿ ಕಟ್ಟಿಕೊಂಡು ಜಾಗ ಕೊಟ್ಟವರು ಮುಂದಿನ ವಾರ ಕೀಲಿ ಕೊಡುವುದಿಲ್ಲ. ಎರಡು ಬಕೆಟ್ ನೀರಿಡಿ, ಒಂದರಲ್ಲಿ ಕೈ ಉಜ್ಜಲಿ, ಇನ್ನೊಂದರಲ್ಲಿ ತೊಳೆಯಲಿ. ತಳದಲ್ಲಿ ಕೂತ ಮಣ್ಣನ್ನು ಗೋಣಿಯಲ್ಲಿ ಕಟ್ಟಿಟ್ಟರೆ ಮುಂದಿನ ಭಾನುವಾರಕ್ಕೆ ಹದವಾಗಿರುತ್ತದೆ.